ಏದೆನ್ ತೋಟದ ಬಾಗಿಲ ಬಳಿ

ಮೊನ್ನೆ ಮೈಸೂರಿನ ಮಾರುಕಟ್ಟೆಯಲ್ಲಿ ಹಣ್ಣು ಮಾರುವಾಕೆ ಬುಟ್ಟಿಯ ಮೇಲೆ ಮುಚ್ಚಿದ್ದ ಎಲೆಗಳನ್ನು ಸರಿಸಿದಳು. ಒಳಗೆ ತಾಜಾ ಅಂಜೂರ. ಆ ಹಸಿ ಹಸಿಯಾದ, ಹಾಲು ಕಹಿ ಎರಡೂ ಬೆರೆತ ವಾಸನೆ ಮೂಗಿಗೆ ತಾಗಿದ್ದೇ ತಡ, ನಾನು ಒಮಾನಿನಲ್ಲಿದ್ದೆ. ದಾರ್ಸೈಟ್ ಬಡಾವಣೆಯ ನಮ್ಮ ಹಳೆಯ ಕಟ್ಟಡ, ನಮ್ಮ ಮನೆಯ ಎದುರು ಬಾಗಿಲು, ಆ ಬಾಗಿಲಾಚೆ ಬೊನಿಫಾಸ್ ಅಂಕಲ್ ಮತ್ತು ಲಿಲ್ಲಿ ಆಂಟಿ. ಅಂಕಲ್ ಎ.ಸಿ. ರಿಪೇರಿ ಮಾಡುವ ಕಂಪನಿಯಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದರು. ಕೆಲಸದ ಮೇಲೆ ರುಸ್ತಾಕಿಗೆ ಹೋದಾಗಲೆಲ್ಲ ಅಲ್ಲಿನ ಸಂತೆಯಿಂದ ಅಂಜೂರ ತರುತ್ತಿದ್ದರು. ಈಗ ಆ ಕಟ್ಟಡವೂ ಇಲ್ಲವಂತೆ. ನೀವೂ ಎಲ್ಲೋ ಒಂದು ಬಾಡಿಗೆ ಮನೆಯನ್ನು ನಮ್ಮದು ಅಂದುಕೊಂಡು ಬೆಳೆದವರಾದರೆ ನನಗೇನಾಯಿತೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಶುಕ್ರವಾರ ರಜೆ. ಅವರಿಬ್ಬರೂ ಬೆಳಿಗ್ಗೆ ಇಗರ್ಜಿಗೆ ಹೋಗಿ, ಅಲ್ಲಿಂದ ಟ್ಯಾಕ್ಸಿ ಹಿಡಿದು ಕ್ರೈಸ್ತರ ಸ್ಮಶಾನಕ್ಕೆ ಹೋಗಿ, ಮಧ್ಯಾಹ್ನ ಬೆವರಿಳಿಸಿಕೊಂಡು ಮನೆಗೆ ಬರುತ್ತಿದ್ದರು. ಅವರಿಗಿದ್ದ ಒಂದೇ ಮಗು ಗ್ರೇಸಿ. ನಾನು ಹುಟ್ಟುವುದಕ್ಕೂ ಮೊದಲಿನ ಮಾತು, ಆ ಮಗು ಹುಟ್ಟಿದ ಮರುದಿನವೇ, ಜ್ಞಾನಸ್ನಾನ ಮಾಡಿಸುವಷ್ಟೂ ಪುರುಸೊತ್ತು ಕೊಡದೆ ತೀರಿಕೊಂಡಿತ್ತು. ಆಂಟಿ ಪ್ರತಿ ವಾರ ಬಾಟಲಿಯಲ್ಲಿ ನೀರು ಒಯ್ದು ಆ ಪುಟ್ಟ ಗೋರಿಯ ಕಲ್ಲನ್ನು ತೊಳೆದು, ತಮ್ಮ ಸೀರೆಯ ಸೆರಗಿನಲ್ಲೇ ಒರೆಸಿ ಬರುವರು. ಆ ಊರಿನ ಧೂಳು ಗೊತ್ತಲ್ಲ, ಒಂದು ವಾರ ಬಿಟ್ಟರೆ ಹೆಸರೇ ಕಾಣುವುದಿಲ್ಲ. ಆಮೇಲೆ ನನಗೆ ಬುಲಾವ್ ಬರುತ್ತಿತ್ತು. ನಾವು ಮೀನು ತಿನ್ನದವರು. ನನಗೆಂದೇ ಆಂಟಿ ಒಂದು ಕಾವಲಿಯನ್ನು ಬೇರೆ ಇಟ್ಟಿದ್ದರು, ಅದರಲ್ಲಿ ನೀರುದೋಸೆ ಬಿಟ್ಟರೆ ಬೇರೇನೂ ಬೇಯುತ್ತಿರಲಿಲ್ಲ. ಅಮ್ಮ ಎಷ್ಟು ಬೇಡವೆಂದರೂ ಕೇಳಲಿಲ್ಲ.

ಅಂಕಲ್ ಹರೆಯದಲ್ಲಿ ಪಾದ್ರಿಯಾಗಲು ಹೋಗಿ ಅರ್ಧಕ್ಕೇ ಬಿಟ್ಟು ಬಂದವರು. ಅಲ್ಲಿ ಒಬ್ಬ ಮುದಿ ಮೇಷ್ಟ್ರು ಯೆಹೂದಿ ಗುರುಗಳ ವ್ಯಾಖ್ಯಾನಗಳನ್ನು ಇವರ ತಲೆಗೆ ತುಂಬಿಸಿದ್ದರಂತೆ. ಒಮ್ಮೆ ಅಂಜೂರ ಬಿಡಿಸುತ್ತಾ, ಬೇಡವೆಂದಿದ್ದ ಹಣ್ಣು ತಿಂದದ್ದಕ್ಕೆ ಆದಾಮ ಮತ್ತು ಏವರನ್ನು ದೇವರು ಏದೆನ್ ತೋಟದಿಂದ ಹೊರಹಾಕಿದ ಕಥೆ ಹೇಳಿದರು. ಸ್ಕೂಲಿನಲ್ಲಿ ಕೇಳಿದ್ದ ನಾನು, "ಬಟ್ ಅಂಕಲ್, ಅದು ಆ್ಯಪಲ್ ಅಲ್ವಾ?" ಅಂದೆ.

"ಆ್ಯಪಲ್ ಅಂತ ಯಾರು ಹೇಳಿದ್ದು ಮಾರಾಯ್ತಿ? ಹಣ್ಣಿನ ಹೆಸರೇ ಬರೆದಿಲ್ಲ. ಯೆಹೂದಿ ಗುರುಗಳಲ್ಲಿ ಒಬ್ಬ ದ್ರಾಕ್ಷಿ ಅಂತಾನೆ, ಒಬ್ಬ ಗೋಧಿ ಅಂತಾನೆ, ಇನ್ನೊಬ್ಬ ಇದೇ ಅಂಜೂರ ಅಂತಾನೆ. ತಿಂದ ಮೇಲೆ ಅವರ ಮಾನ ಮುಚ್ಚಲಿಕ್ಕೆ ಬೇರೆ ಯಾವ ಮರವೂ ಎಲೆ ಕೊಡ್ಲಿಲ್ವಂತೆ. ಅಂಜೂರ ಮಾತ್ರ ಕೊಟ್ಟಿತು."

ಹಣ್ಣಿನ ಜಗಳ ಅವರಿಗೆ ತಮಾಷೆ. ಆದರೆ ಒಂದು ಮಾತನ್ನು ಮಾತ್ರ ಅವರು ತಮಾಷೆಯಾಗಿ ಹೇಳುತ್ತಿರಲಿಲ್ಲ. ಆದಾಮನ ಪಾಪ ಹುಟ್ಟುವ ಪ್ರತಿ ಮಗುವಿಗೂ ಅಂಟಿರುತ್ತದೆ, ಜ್ಞಾನಸ್ನಾನವೇ ಅದನ್ನು ತೊಳೆಯುವುದು ಎಂದು ಅವರ ಇಗರ್ಜಿಯಲ್ಲಿ ಕಲಿಸಿದ್ದರು. ಯೆಹೂದಿ ಗುರುಗಳು ಹಾಗನ್ನುವುದಿಲ್ಲವಂತೆ. ಸಾವು, ಬೆವರು, ಹೆರಿಗೆಯ ನೋವು ಎಲ್ಲ ಆ ದಿನದಿಂದ ಬಂತು, ನಿಜ. ಆದರೆ ಮಗು ಶುದ್ಧವಾಗಿಯೇ ಹುಟ್ಟುತ್ತದೆ, ಅವರವರ ತಪ್ಪು ಅವರವರದು. ಇದನ್ನು ಹೇಳುವಾಗ ಅಂಕಲ್ ನನ್ನ ಮುಖ ನೋಡುತ್ತಿರಲಿಲ್ಲ, ಅಡುಗೆಮನೆಯ ಕಡೆ ನೋಡುತ್ತಿದ್ದರು. ಚಿಂತೆ ಬೇಡ, ಗ್ರೇಸಿ ದೇವರ ಕೈಯಲ್ಲಿದ್ದಾಳೆ ಎಂದು ಪಾದ್ರಿಗಳೂ ಹೇಳಿದ್ದರಂತೆ. ಆಂಟಿಗೆ ಸಮಾಧಾನವಿಲ್ಲ. ಕಾವಲಿಯ ಚುಂಯ್ ಎನ್ನುವ ಸದ್ದಿನ ನಡುವೆ, "ಪುನಃ ಹೇಳಿ ನೋಡುವ," ಎನ್ನುವರು. ಅಂಕಲ್ ಪುನಃ ಹೇಳುವರು. ಪಾಪ, ಎಷ್ಟು ಸಲ ಹೇಳಿದರೋ.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಅಂಕಲ್‌ಗೆ ಪಾಸ್‌ಪೋರ್ಟಿನ ಲೆಕ್ಕದಲ್ಲಿ ಅರವತ್ತಾಯಿತು. ನಿಜವಾದ ವಯಸ್ಸು ಐವತ್ತೆಂಟೇ. ಚಿಕ್ಕವನು ಅಣ್ಣನ ಜೊತೆಗೇ ಹೋಗಿ ಬರಲಿ, ಒಬ್ಬನನ್ನೇ ಹೊಳೆ ದಾಟಿಸುವುದು ಬೇಡವೆಂದು ಅವರಪ್ಪ ಊರಲ್ಲಿ, ಶಿರ್ವದ ಶಾಲೆಯಲ್ಲಿ ಎರಡು ವರ್ಷ ಹೆಚ್ಚು ಬರೆಸಿದ್ದರು. ನಮ್ಮ ಹಿರಿಯರು ಇಂಥದ್ದನ್ನು ಎಷ್ಟು ಹಗುರವಾಗಿ ಮಾಡಿಬಿಡುತ್ತಿದ್ದರು! ಅರವತ್ತಾದವರಿಗೆ ವೀಸಾ ಮುಂದುವರಿಯುವುದಿಲ್ಲ. ಅವರ ವೀಸಾಕ್ಕೆ ಹೊಣೆಯಾಗಿದ್ದ ಕಫೀಲ್, ಬಿಳಿಗಡ್ಡದ ಒಮಾನಿ ಮುದುಕ, ತಾನೇ ಆಫೀಸಿನಿಂದ ಆಫೀಸಿಗೆ ಅಲೆದ. ಕೊನೆಗೆ ಅಂಕಲ್‌ನ ಹೆಗಲ ಮೇಲೆ ಕೈಯಿಟ್ಟು, "ಖಲಾಸ್, ಬೋನಿ," ಅಂದನಂತೆ. ನನ್ನಪ್ಪನಿಗೂ ಏನೂ ಮಾಡಲಾಗಲಿಲ್ಲ. ಸಿಟ್ಟು ಮಾಡಿಕೊಳ್ಳೋಣವೆಂದರೆ ಎದುರಿಗೆ ಕೆಟ್ಟವರು ಯಾರೂ ಇರಲಿಲ್ಲ, ಅದೇ ಇವತ್ತಿಗೂ ನನಗೆ ಸಿಟ್ಟು.

ಊರಿಗೆ ಹೋಗುವುದು ಆಂಟಿಗೆ ದುಃಖವಲ್ಲ. ಊರಲ್ಲಿ ಮನೆಯಿತ್ತು, ತಂಗಿಯರಿದ್ದರು. ಗ್ರೇಸಿಯನ್ನು ಬಿಟ್ಟು ಹೋಗಬೇಕಲ್ಲ, ಅದು. ವೀಸಾ ಇಲ್ಲದೆ ಮತ್ತೆ ಬರುವಂತಿಲ್ಲ. ಕೊನೆಯ ಶುಕ್ರವಾರ ಅವರ ಮನೆಯಲ್ಲಿ ಕುರ್ಚಿಗಳೂ ಉಳಿದಿರಲಿಲ್ಲ. ನಾವೆಲ್ಲ ನೆಲದ ಮೇಲೆ ಕೂತಿದ್ದೆವು. ಅಂಕಲ್ ಎಂದಿನಂತೆ ತಮ್ಮ ಯೆಹೂದಿ ಗುರುಗಳನ್ನು ಮಾತಿಗೆ ಕರೆತಂದರು. ದೇವರು ಹೊರಹಾಕಿದರೂ ದೂರ ಅಟ್ಟಲಿಲ್ಲ, ಆದಾಮ ಹೋಗಿ ನೆಲೆಸಿದ ಬೆಟ್ಟಕ್ಕೆ ತೋಟದ ಬಾಗಿಲು ಹತ್ತಿರವೇ ಇತ್ತು ಎಂದು ಒಬ್ಬ ಗುರು ಹೇಳಿದ್ದಾನಂತೆ. ಆಂಟಿ ತಲೆ ಎತ್ತಿದರು.

"ಅವರಿಗೆ ಬಾಗಿಲ ಹತ್ರ ಆದ್ರೂ ಇರ್ಲಿಕ್ಕೆ ಬಿಟ್ಟ. ನಮ್ಗೆ ಅದೂ ಇಲ್ವಲ್ಲ?"

ಆಗ ಅಮ್ಮ ಆಂಟಿಯ ಕೈ ಹಿಡಿದುಕೊಂಡು, "ನಾವಿದೀವಲ್ಲ ಲಿಲ್ಲಿಯವ್ರೇ. ಪ್ರತಿ ಶುಕ್ರವಾರ ನಾನು ಹೋಗಿ ತೊಳೀತೀನಿ," ಎಂದರು. ಸ್ಮಶಾನಕ್ಕೆ ಹೋಗಿ ಬಂದರೆ ಹೊಸ್ತಿಲು ತುಳಿಯುವ ಮುಂಚೆ ಸ್ನಾನವಾಗಬೇಕೆನ್ನುವ ನನ್ನಮ್ಮ! ನಡೆಸಿಯೂ ಕೊಟ್ಟರು. ಅಪ್ಪ ಕಾರಿನಲ್ಲಿ ಕಾಯುವರು, ನಾನು ಬಾಟಲಿ ಹಿಡಿಯುವೆ, ಅಮ್ಮ ಕಲ್ಲು ತೊಳೆಯುವರು. ಸಂಜೆ ಶಿರ್ವದಿಂದ ಫೋನ್ ಬರುವುದು, ಆಂಟಿ ಕೇಳುವುದು ಆ ಕಲ್ಲಿನ ಬಗ್ಗೆಯೇ.

ಆಮೇಲೆ ಅಪ್ಪನ ಕಂಪನಿಯೂ ಆಳು ಕಡಿಮೆ ಮಾಡಿತು, ನಾವೂ ಗಂಟುಮೂಟೆ ಕಟ್ಟಿ ಮೈಸೂರಿಗೆ ಬಂದೆವು. ಅಷ್ಟರಲ್ಲಿ ಬೊನಿಫಾಸ್ ಅಂಕಲ್ ತೀರಿಕೊಂಡಿದ್ದರು. ಇನ್ನು ಫೋನ್ ಮಾಡಿ ಖರ್ಚು ಮಾಡಬೇಡಿ, ನಾನೇ ಮಾಡ್ತೀನಿ ಎಂದು ಅಮ್ಮ ಲಿಲ್ಲಿ ಆಂಟಿಗೆ ಹೇಳಿದರು. ಒಮಾನ್ ಬಿಟ್ಟು ಬಂದಿದ್ದೇವೆಂದು ಮಾತ್ರ ಹೇಳಲಿಲ್ಲ. ಮೈಸೂರಿನ ಮನೆಯ ಪಡಸಾಲೆಯಲ್ಲಿ ಶುಕ್ರವಾರ ಸಂಜೆ ಅಮ್ಮ ಫೋನ್ ಹಿಡಿದು ಕೂರುವಾಗ ಟಿವಿಯ ದನಿ ಇಳಿಸಿ, ಬೀದಿಯ ಕಡೆಯ ಕಿಟಕಿ ಮುಚ್ಚುವುದು ನನ್ನ ಕೆಲಸವಾಗಿತ್ತು.

"ಕಲ್ಲು ತೊಳೆದ್ರಾ?" ಆಂಟಿಯ ದನಿ ನನಗೂ ಕೇಳಿಸುತ್ತಿತ್ತು.

"ತೊಳೆದೆ ಲಿಲ್ಲಿಯವ್ರೇ."

"ಹೆಸರು ಕಾಣ್ತದಾ?"

ಅಮ್ಮ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. "ಚೆನ್ನಾಗಿ ಕಾಣುತ್ತೆ," ಅನ್ನುತ್ತಿದ್ದರು.