ಕುಂಬಳದ ಬೇರು, ಕರಬೂಜದ ಕುಡಿ

ಪಿಲ್‌ನಾಮ್ ಹದಿನಾರನೆಯ ವಯಸ್ಸಿಗೇ ಡೇಗು ನಗರದ ಬಟ್ಟೆ ಗಿರಣಿ ಸೇರಿದವಳು. ಓಡುವ ಮಗ್ಗದಲ್ಲಿ ಎಳೆ ಕಡಿದರೆ, ರೆಪ್ಪೆ ಬಡಿಯುವುದರೊಳಗೆ ಗಂಟು ಹಾಕುವುದು ಅವಳ ಕೆಲಸವಾಗಿತ್ತು. ಇಪ್ಪತ್ಮೂರಕ್ಕೆ ಸೊಂಗ್‌ಜು ಸೀಮೆಯ ಜೇಗ್ಯುವನ್ನು ಮದುವೆಯಾಗಿ, ಹಳದಿ ಕರಬೂಜ ಬೆಳೆಯುವ, ಪ್ಲಾಸ್ಟಿಕ್ ಹಾಳೆ ಹೊದಿಸಿದ ಹಸಿರುಮನೆಗಳ ನಡುವೆ ಬಂದು ನಿಂತಾಗ, ಆ ಬೆರಳ ಚುರುಕು ಇನ್ನು ಯಾವ ಕೆಲಸಕ್ಕೂ ಬಾರದು ಎಂದುಕೊಂಡಿದ್ದಳು.

ಮದುವೆಯಾದ ಮೂರನೆಯ ವಸಂತದಲ್ಲಿ ಬಳ್ಳಿಗಳು ಸೊರಗತೊಡಗಿದವು. ಕಾಯಿ ಮುಷ್ಟಿಯಷ್ಟಾಗಿತ್ತು. ಮಧ್ಯಾಹ್ನ ಎಲೆಗಳು ಜೋತುಬೀಳುತ್ತಿದ್ದವು, ಸಂಜೆಗೆ ಮತ್ತೆ ಏಳುತ್ತಿದ್ದವು. ನಾಲ್ಕನೆಯ ದಿನ ಏಳಲೇ ಇಲ್ಲ. ಮಾವ ಒಂದು ಬಳ್ಳಿಯನ್ನು ಕಿತ್ತು ಕಾಂಡ ಸೀಳಿದರು. ಒಳಗೆಲ್ಲ ಕಂದು ಗೆರೆ.

"ಮಣ್ಣಲ್ಲಿ ಬೂಜು ಸೇರ್ಕೊಂಡಿದೆ," ಎಂದರು. ಅದೇ ಮಣ್ಣಿನಲ್ಲಿ ಹನ್ನೊಂದು ವರ್ಷ ಕರಬೂಜವನ್ನೇ ಹಾಕಿದ್ದರು. ಆ ಬೇಸಿಗೆ ಅಪ್ಪ ಮಗ ಸೇರಿ ಎತ್ತಿನ ಗಾಡಿಯಲ್ಲಿ ಹೊಳೆದಂಡೆಯ ಹೊಸ ಮಣ್ಣು ತಂದು ಹರವಿದರು. ಮರುವರ್ಷ ರೋಗ ಮತ್ತೆ ಬಂತು.

ಚಳಿಗಾಲದಲ್ಲಿ ಕೃಷಿ ಕಚೇರಿಯವರು ಮೂರು ದಿನ ಕಸಿ ಕಲಿಸುತ್ತಾರೆಂದು ಕೇಳಿ ಪಿಲ್‌ನಾಮ್ ಹೋಗಿಬಂದಳು. ಊಟದ ಹೊತ್ತಿನಲ್ಲಿ ವಿಷಯ ತೆಗೆದಳು. ಆ ಬೂಜು ಒಳಹೋಗುವುದು ಕರಬೂಜದ ಬೇರಿನಿಂದ. ಕುಂಬಳದ ಬೇರಿಗೆ ಅದು ಏನೂ ಮಾಡದು. ಕುಂಬಳದ ಸಸಿಗೆ ಕರಬೂಜದ ಸಸಿಯನ್ನು ಕೂಡಿಸಿ, ಬೆಸೆದ ಮೇಲೆ ಕರಬೂಜದ ಬುಡ ಕತ್ತರಿಸಿಬಿಟ್ಟರೆ ಆಯಿತು.

ಮಾವ ಸೂಪಿನ ಬಟ್ಟಲು ಕೆಳಗಿಟ್ಟರು. "ಏನಮ್ಮಾ, ಕರಬೂಜದ ಕತ್ತು ಕುಯ್ದು ಕುಂಬಳದ ಮೇಲೆ ಕೂರಿಸ್ತೀಯಾ? ನಾಳೆ ನನ್ನ ತಲೇನೂ ಎತ್ತಿನ ಮೇಲೆ ಕೂರಿಸು."

"ಎತ್ತು ಒಪ್ಪಬೇಕಲ್ಲ," ಎಂದು ಅವಳು ಗೊಣಗಿದ್ದು ಜೇಗ್ಯುವಿಗೆ ಮಾತ್ರ ಕೇಳಿಸಿತು. ಅವನು ಕೆಮ್ಮಿ ನಗು ನುಂಗಿದ.

ಕೊನೆಗೆ ಮಾವನೇ ಪಟ್ಟು ಸಡಿಲಿಸಿದರು. "ನಾಲ್ಕರಲ್ಲಿ ಒಂದು ಮನೆ ಕೊಡ್ತೀನಿ. ಹಣ್ಣಲ್ಲಿ ಕುಂಬಳದ ವಾಸನೆ ಬಂತೋ, ಅಷ್ಟೂ ನೀನೇ ಕೂತು ತಿನ್ನಬೇಕು."

ಜನವರಿಯಲ್ಲಿ, ಕೆಳಗೆ ಬೆಂಕಿ ಹಾಯಿಸಿದ ಬೆಚ್ಚನೆಯ ನೆಲದ ಮೇಲೆ ಕೂತು ಅವಳು ಕಸಿ ಕಟ್ಟಿದಳು. ಕುಂಬಳದ ಕಾಂಡಕ್ಕೆ ಬ್ಲೇಡಿನಿಂದ ಕೆಳಮುಖವಾಗಿ ಒಂದು ಸೀಳು, ಕರಬೂಜದ ಕಾಂಡಕ್ಕೆ ಮೇಲ್ಮುಖವಾಗಿ ಇನ್ನೊಂದು; ಒಂದರೊಳಗೊಂದು ಸಿಕ್ಕಿಸಿ ಕ್ಲಿಪ್ಪು ಹಾಕುವುದು. ಮೊದಲ ನೂರರಲ್ಲಿ ಬದುಕಿದ್ದು ನಲವತ್ತು. ಒತ್ತಿ ಹಿಡಿಯುತ್ತಿದ್ದಳು, ಗಿರಣಿಯಲ್ಲಿ ಹಾಗೆ ಒತ್ತಿದರೆ ಎಳೆ ಇನ್ನಷ್ಟು ಕಡಿಯುತ್ತಿದ್ದುದು ನೆನಪಾಯಿತು. ಎರಡನೆಯ ಸಲ ಗಾಯಕ್ಕೆ ಗಾಯ ತಾಗಿಸಿ ಬಿಟ್ಟಳು, ಅಷ್ಟೆ. ನೂರಕ್ಕೆ ತೊಂಬತ್ತು ಉಳಿದವು. ಫೆಬ್ರವರಿಯಲ್ಲಿ, ಬೆಸೆದ ಗಂಟು ಮಣ್ಣಿನಿಂದ ಎರಡು ಬೆರಳು ಮೇಲಿರುವಂತೆ ನೆಟ್ಟಳು. ಆಮೇಲೆ ಅಮ್ಮನ ಅರವತ್ತರ ಹುಟ್ಟುಹಬ್ಬಕ್ಕೆಂದು ಮೂರು ದಿನ ತವರಿಗೆ ಹೋಗಿಬಂದಳು.

ಏಪ್ರಿಲ್‌ನಲ್ಲಿ ಉಳಿದ ಮೂರು ಮನೆಗಳ ಬಳ್ಳಿಗಳು ಬಾಡಿದವು. ಅವಳ ಮನೆಯದು ನಿಂತಿತ್ತು. ಊರವರು ಬಂದು ಇಣುಕಿ ಹೋಗುತ್ತಿದ್ದರು. ಅಷ್ಟರಲ್ಲಿ ಒಂದು ಮಧ್ಯಾಹ್ನ ಬಾಗಿಲ ಪಕ್ಕದ ಸಾಲಿನಲ್ಲಿ ಹದಿನೈದು ಬಳ್ಳಿಗಳ ಎಲೆ ಜೋತುಬಿದ್ದವು.

ಅವಳು ಒಳಗೆ ಓಡಿದಳು. ಸಾಲಿನ ನಡುವೆ ಕೂತು ಬುಡ ಕೆದಕಿದಳು. ಗಂಟು ಮಣ್ಣಿನೊಳಗೆ ಹೂತುಹೋಗಿತ್ತು. ಗಂಟಿನ ಮೇಲಿನ ಕರಬೂಜ ತನ್ನದೇ ಬೇರು ಬಿಟ್ಟಿತ್ತು. ಆ ಬೇರು ಕಂದಾಗಿತ್ತು. ರೋಗ ಬಂದ ದಾರಿ ಗೊತ್ತಾಯಿತು. ಆದರೆ ತಾನು ಇಷ್ಟು ಆಳಕ್ಕೆ ನೆಟ್ಟಿರಲಿಲ್ಲ.

ಬಾಗಿಲಲ್ಲಿ ಮಾವ ನಿಂತಿದ್ದರು.

"ನೀನು ತವರಿಗೆ ಹೋದಾಗ ಹಿಮ ಬಿತ್ತು," ಎಂದರು. "ಕುಯ್ದ ಜಾಗ ಅಲ್ವಾ, ಚಳಿ ತಾಗತ್ತೆ ಅಂತ ನಾನೇ ಮಣ್ಣು ಏರಿಸ್ದೆ."

ಬಂದ ಸಿಟ್ಟು ಅಲ್ಲೇ ಕರಗಿತು. ಈ ಸಸಿಗಳನ್ನು ಕಂಡರಾಗದು ಎನ್ನುತ್ತಿದ್ದ ಮನುಷ್ಯ ಹಿಮ ಬೀಳುವ ಚಳಿಯಲ್ಲಿ ಬಗ್ಗಿ ಕೂತು ಒಂದೊಂದಕ್ಕೂ ಮಣ್ಣು ಹೊದಿಸಿದ್ದರು.

"ಎಲ್ಲಾ ಸಾಲಿಗೂ ಏರಿಸಿದ್ರಾ ಮಾವ?"

"ಎರಡಕ್ಕೆ. ಆಮೇಲೆ ಸೊಂಟ ಹಿಡ್ಕೊಂಡ್ತು. ಬಿಟ್ಬಿಟ್ಟೆ."

ಅವಳಿಗೆ ನಗು ತಡೆಯಲಾಗಲಿಲ್ಲ. "ಒಳ್ಳೇ ಸೊಂಟ ನಿಮ್ಮದು. ಮಿಕ್ಕಿದ್ದನ್ನೆಲ್ಲಾ ಅದೇ ಉಳಿಸ್ತು."

ಮಾವನೂ ಮೆಲ್ಲಗೆ ನಕ್ಕರು. ಅಡುಗೆಮನೆಯಿಂದ ಎರಡು ಹಿತ್ತಾಳೆ ಚಮಚ ತಂದು ಒಂದನ್ನು ಅವಳಿಗೆ ಕೊಟ್ಟರು. ಇನ್ನೂ ಬಾಡದಿದ್ದ ಎರಡನೆಯ ಸಾಲಿನ ಬುಡಗಳಿಂದ ಇಬ್ಬರೂ ಮಣ್ಣು ಸರಿಸಿ, ಕರಬೂಜ ಬಿಟ್ಟ ಹೊಸ ಬೇರುಗಳನ್ನು ಬ್ಲೇಡಿನಿಂದ ಸವರಿ ತೆಗೆದರು. ಮೊದಲ ಸಾಲು ಹೋಯಿತು. ಎರಡನೆಯದರಲ್ಲಿ ಮುಕ್ಕಾಲು ಪಾಲು ಉಳಿಯಿತು.

ಮೇ ತಿಂಗಳಲ್ಲಿ ಮೊದಲ ಹಣ್ಣನ್ನು ಮಾವನೇ ಕತ್ತರಿಸಿದರು. ಬೀಜದ ತಿರುಳಿನ ಸಮೇತ ಒಂದು ಹೋಳು ಬಾಯಿಗಿಟ್ಟು, ಕಣ್ಣು ಮುಚ್ಚಿ ಅಗಿದರು.

"ಕುಂಬಳದ ವಾಸನೆ ಇಲ್ಲ."

"ಮತ್ತೆ?"

"ಸಿಹಿ ಒಂಚೂರು ಕಮ್ಮಿ."

"ಆ ಬೇರು ನೀರು ಜಾಸ್ತಿ ಕುಡಿಯತ್ತಂತೆ ಮಾವ. ಮುಂದಿನ ವರ್ಷ ಕಮ್ಮಿ ಬಿಡೋಣ."

"ಬಿಡೋಣ," ಎಂದು ಇನ್ನೊಂದು ಹೋಳಿಗೆ ಕೈಹಾಕಿದರು.

ಮುಂದಿನ ವರ್ಷ ನಾಲ್ಕೂ ಮನೆಗಳಲ್ಲಿ ಕಸಿ ಸಸಿಯೇ ಬೆಳೆಯಿತು. ಚಳಿಗಾಲ ಬಂತೆಂದರೆ ಅಕ್ಕಪಕ್ಕದ ಊರಿನ ಹೆಂಗಸರು ಪಿಲ್‌ನಾಮಳನ್ನು ಕರೆಸಿಕೊಳ್ಳುತ್ತಿದ್ದರು. ಮಾವ ಬದುಕಿದ್ದಷ್ಟು ಕಾಲವೂ ಅವಳ ಜೊತೆಗೇ ಹೋಗಿ, ಸಸಿ ನೆಡುವವರ ಬೆನ್ನ ಹಿಂದೆ ಕೈಕಟ್ಟಿ ನಿಂತು, ಗಂಟು ಮುಚ್ಚಿದ ಪ್ರತಿಯೊಬ್ಬರನ್ನೂ ಬೈಯುತ್ತಿದ್ದರು.