ಎರಡು ಬೆರಳಿನ ಸಡಿಲ

ದುರ್ಗದಬೈಲಿನ ಅಬೀದಾ ಮೂವತ್ತು ವರ್ಷದಿಂದ ಹೊಲಿದದ್ದೆಲ್ಲ ಕೂಸುಗಳ ಬಟ್ಟೆಯೇ. ಝಬಲಾ, ಕುಲಾವಿ, ಲಂಗೋಟಿ. ಟೇಪು ಹಿಡಿದವಳಲ್ಲ, ಕೂಸನ್ನು ಒಮ್ಮೆ ತೋಳಿನ ಮೇಲೆ ಮಲಗಿಸಿಕೊಂಡರೆ ಅಳತೆ ಕೈಗೆ ಬಂದುಬಿಡುತ್ತಿತ್ತು. ಅತ್ತೆ ಕಲಿಸಿದ ಕಟ್ಟಳೆ ಒಂದೇ: ಬಟ್ಟೆಗೂ ಮೈಗೂ ನಡುವೆ ಎರಡು ಬೆರಳು ಆಡಬೇಕು. ಬಿಗಿ ಹೊಲಿದರೆ ಕೂಸಿಗೆ ಉಸಿರು ಕಟ್ಟೀತು.

ಈಗ ಅವಳ ಮೊಮ್ಮಗಳೇ ಆಸ್ಪತ್ರೆಯಲ್ಲಿದ್ದಳು. ಮಗಳು ಫಿಜಾಗೆ ದಿನ ತುಂಬುವ ಮೊದಲೇ ಹುಟ್ಟಿದ, ಇನ್ನೂ ಹೆಸರಿಡದ, ಐದು ದಿನದ ಕೂಸು. ಎರಡು ಸಲ ಹಾಲು ಕುಡಿಯುತ್ತಿದ್ದ ಹಾಗೆಯೇ ಬಿಳಿಚಿಕೊಂಡು ಬೆವೆತಿತ್ತು. ಡಾಕ್ಟರು ಬರುವಷ್ಟರಲ್ಲಿ ಎರಡೂ ಸಲ ಎಲ್ಲ ಸರಿಯಾಗಿತ್ತು.

"ಎದಿ ಬಡಿತ ನಡುನಡುವ ತಾಳ ತಪ್ಪತೈತಿ ಅನ್ನಸ್ತೈತ್ರಿ," ಎಂದರು ಅವರು. "ತಪ್ಪಿದಾಗನ ಹಿಡೀಬೇಕು. ಇಲ್ಲಂದ್ರ ಯಾವ ಔಷಧ ಅಂತ ಕೊಡ್ಲಿ?"

ಹಿಡಿಯಲು ಹೊಸದೊಂದು ಸೆನ್ಸರ್ ಬಂದಿತ್ತು, ಕೋಟಿನ ಗುಂಡಿಯಷ್ಟು. ಸೂಜಿ ಇಲ್ಲ, ಅಂಟೂ ಇಲ್ಲ. ಅಂಟಿಸಿದ್ದನ್ನು ಕಿತ್ತರೆ ಅಂಥ ಎಳೆಯ ಚರ್ಮವೂ ಕಿತ್ತು ಬರುತ್ತಿತ್ತು. ಬಟ್ಟೆಯ ಪಟ್ಟಿಯೊಳಗೆ ಕೂತು ಎದೆಗೆ ತಾಗಿದ್ದರೆ ಸಾಕು, ಬಡಿತ ಪರದೆಯ ಮೇಲೆ ಗೆರೆಯಾಗಿ ಓಡುತ್ತಿತ್ತು. ಆದರೆ ಆಸ್ಪತ್ರೆಯ ಪಟ್ಟಿ ಈ ಕೂಸಿಗೆ ಎರಡು ಸುತ್ತು ಬಂತು.

"ನಾ ಹೊಲೀತೇನಿ," ಎಂದಳು ಅಬೀದಾ. ಹೊಸ ಬಟ್ಟೆ ಚುಚ್ಚುತ್ತದೆಂದು, ಒಗೆದು ಒಗೆದು ಮೆತ್ತಗಾದ ತನ್ನ ಓಢಣಿಯನ್ನೇ ಕತ್ತರಿಸಿದಳು. ನರ್ಸ್ ಮಯೂರಿ ಅದನ್ನು ಶುದ್ಧ ಮಾಡಿಸಿ ಕೂಸಿಗೆ ಕಟ್ಟಿದಳು.

ಒಂದು ತಾಸು ಗೆರೆ ಚೆಂದ ಓಡಿತು. ಫಿಜಾ ಕೂಸಿನ ಮಗ್ಗಲು ಬದಲಿಸಿದ್ದೇ ತಡ, ಗೆರೆ ಸಪಾಟಾಯಿತು. ಯಂತ್ರ ಕೂಗತೊಡಗಿತು.

"ಅಮ್ಮೀ!"

ಮಯೂರಿ ಓಡಿ ಬಂದು ಕೂಸಿನ ತುಟಿ ನೋಡಿದಳು, ಕೆಂಪಗಿದ್ದವು. ಪಟ್ಟಿಯೊಳಗೆ ಎರಡು ಬೆರಳು ತೂರಿಸಿ ನಕ್ಕುಬಿಟ್ಟಳು.

"ಚಾಚಿ, ಸಾಲಿಗಿ ಹೋಗೂತನಾ ಇದನ್ನ ಹಾಕ್ಕೋಲಿ ಅಂತ ಹೊಲದೀರೇನ್ರಿ? ಸೆನ್ಸರ್ ಎದಿ ಬಿಟ್ಟು ಬಗಲಿಗಿ ಹೋಗೈತಿ."

"ಬಿಗಿ ಮಾಡಿದ್ರ ಉಸಿರಿನ ಗತಿ ಏನ್ ಯವ್ವಾ?"

"ಕಿರಿಬೆರಳು ಹೋದ್ರ ಸಾಕ್ರಿ. ಉಸಿರು ನಾ ನೋಡ್ಕೋತೇನಿ."

ಬಾಗಿಲ ಹೊರಗಿನ ಬೆಂಚಿನ ಮೇಲೆ ಕೂತು ಅಬೀದಾ ಹೊಲಿಗೆ ಬಿಚ್ಚಿದಳು. ಒಳಗೆ ಹಿಡಿದು ಮತ್ತೆ ಹೊಲಿಯುವಾಗ ಎರಡು ಸಲ ಸೂಜಿ ಬೆರಳಿಗೆ ಚುಚ್ಚಿತು. ಕಟ್ಟಿದ ಮೇಲೆ ಕೂಸಿನ ಹೊಟ್ಟೆ ಏರಿಳಿಯುವುದನ್ನೇ ನೋಡುತ್ತ ನಿಂತಳು. ಫಿಜಾ ಮೂರು ಸಲ ಕರೆದರೂ ಚಹಾಕ್ಕೆ ಹೋಗಲಿಲ್ಲ.

ಮರುದಿನ ಮಧ್ಯಾಹ್ನ ಹಾಲು ಕುಡಿಸುವಾಗ ಯಂತ್ರ ಮತ್ತೆ ಕೂಗಿತು.

"ಮತ್ತ ಸಡ್ಲಾತು ನೋಡಮ್ಮಿ," ಎಂದು ಬೇಸರದಿಂದ ಫಿಜಾ ಪಟ್ಟಿಗೆ ಕೈ ಹಾಕಿದಳು.

"ತಡಿ." ಅಬೀದಾ ಬೆರಳಿಟ್ಟು ನೋಡಿದಳು. ಕಿರಿಬೆರಳಷ್ಟೇ ಹೋಯಿತು, ಅದೂ ತಡೆದು ತಡೆದು. ಬೆರಳಿನ ಕೆಳಗೆ ಎದೆ ಬಿಡಿಬಿಡಿಯಾಗಿ ಬಡಿಯುತ್ತಿರಲಿಲ್ಲ; ಕಾಲು ತೆಗೆದರೂ ನಿಲ್ಲದ ಹೊಲಿಗೆ ಯಂತ್ರದ ಹಾಗೆ ಓಡುತ್ತಿತ್ತು.

"ಸಿಸ್ಟರ್! ಪಟ್ಟಿ ಸರೀ ಐತ್ರಿ! ಇದು ಕೂಸಿಂದು, ಲಗೂ ಬರ್ರಿ!"

ಡಾಕ್ಟರು ಬಂದರು. ಬಡಿತದ ಓಟ ತಡೆಯಲು ಐಸಿನ ಚೀಲವನ್ನು ಕೂಸಿನ ಮುಖಕ್ಕೆ ಒತ್ತಿದಾಗ ಫಿಜಾ ಗೋಡೆ ಕಡೆ ತಿರುಗಿದಳು. ಅಬೀದಾ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಒತ್ತೊತ್ತಾಗಿದ್ದ ಗೆರೆ ತಟ್ಟನೆ ಬಿಡಿಯಾಯಿತು. ಕೂಸು ಕಿಟಾರನೆ ಅತ್ತಿತು.

"ಸಿಕ್ತು," ಎಂದರು ಡಾಕ್ಟರು, ದಾಖಲಾದ ಗೆರೆಯನ್ನು ಹಿಂದಕ್ಕೆ ಸರಿಸಿ ನೋಡುತ್ತ. "ಇನ್ನ ಔಷಧ ಗೊತ್ತಾತ್ರಿ."

ಸಂಜೆ ಮೊದಲ ಹನಿ ಹಾಕಿದರು.

"ಇನ್ನ ಅಂಜಿಕಿ ಇಲ್ಲಲ್ಲ, ಅಮ್ಮಿ?"

ಅಬೀದಾ ಓಢಣಿಯ ಉಳಿದ ತುಂಡನ್ನು ತೊಡೆಯ ಮೇಲೆ ಹಾಸಿಕೊಂಡಿದ್ದಳು. "ಔಷಧ ಹತ್ತಿದ್ರ ಮುಂದಿನ ವಾರಕ್ಕ ಮೈ ತುಂಬ್ಕೋತೈತಿ," ಎಂದು ಇನ್ನೊಂದು ಪಟ್ಟಿಗೆ ಅರ್ಧ ಇಂಚು ಉದ್ದ ಬಿಟ್ಟು ಕತ್ತರಿ ಹಾಕಿದಳು. ಸಡಿಲಕ್ಕೆ ಕಿರಿಬೆರಳಿಟ್ಟು ನೋಡಿ ಗುರುತು ಮಾಡಿಕೊಂಡಳು.