ಕೊರಿಯಾದ ಕಾವಲಟ್ಟಣೆ

ನಾನು ಕೊರಿಯಾಕ್ಕೆ ಹೋಗಿ ಆಗಿನ್ನೂ ಎರಡು ವಾರ. ಚೆನ್ನೈ ಹೊರವಲಯದ ನಮ್ಮ ಫ್ಯಾಕ್ಟರಿಯಿಂದ ಮೂರು ತಿಂಗಳ ತರಬೇತಿಗೆಂದು ಆರು ಜನ ಹೆಂಗಸರನ್ನು ಕಳುಹಿಸಿದ್ದರು. ಐವರು ಚೆನ್ನೈ, ಕಾಂಚೀಪುರದ ಕಡೆಯವರು. ನಾನೊಬ್ಬಳು ತಾಳವಾಡಿ ಬೆಟ್ಟದವಳು, ತಿಗನಾರೆಯವಳು. ಈರೋಡು ಎಂದರೆ ಅವರಿಗೆ ಅರಿಶಿನದ ಊರು, ಅಷ್ಟೇ. ಅದೇ ಜಿಲ್ಲೆಯ ಬೆಟ್ಟದ ಮೇಲೆ ಮನೆಯಲ್ಲಿ ಕನ್ನಡ ಮಾತಾಡುವ ಹಳ್ಳಿಗಳಿವೆ ಎಂದು ಎಷ್ಟು ಸಲ ಹೇಳಿದರೂ ತಮಾಷೆ ಮಾಡುತ್ತಿದ್ದೇನೆ ಅಂದುಕೊಳ್ಳುತ್ತಿದ್ದರು.

ಆ ಭಾನುವಾರ ನಮ್ಮನ್ನು ಬಸ್ಸಿನಲ್ಲಿ ಒಂದು ಹಳೆಯ ಕಾಲದ ಹಳ್ಳಿ ನೋಡಲು ಕರೆದುಕೊಂಡು ಹೋದರು. ಜನ ವಾಸವಿದ್ದ ಹಳ್ಳಿಯಲ್ಲ ಅದು. ಹಳೆಯ ಮನೆಗಳನ್ನು ಬೇರೆ ಬೇರೆ ಕಡೆಯಿಂದ ಬಿಚ್ಚಿ ತಂದು, ಒಂದೇ ಜಾಗದಲ್ಲಿ ಮತ್ತೆ ಎಬ್ಬಿಸಿ, ಬಾಗಿಲಲ್ಲಿ ಟಿಕೆಟ್ ಕೌಂಟರ್ ಇಟ್ಟಿದ್ದರು. ನಮ್ಮ ಜೊತೆ ಇಬ್ಬರಿದ್ದರು. ಒಬ್ಬಳು ನಮಗೆ ಮೆಷಿನ್ ಕೆಲಸ ಕಲಿಸುತ್ತಿದ್ದ ಕೊರಿಯಾದ ಹುಡುಗಿ. ಇನ್ನೊಬ್ಬರು ಕಂಪನಿಯ ದುಭಾಷಿ, ತಮಿಳರು. ಅಲ್ಲಿ ಹತ್ತು ವರ್ಷ ಕಳೆದಿದ್ದವರು. ಯಾವುದನ್ನು ಕಂಡರೂ ವಿವರಿಸದೆ ಮುಂದಕ್ಕೆ ಹೆಜ್ಜೆ ಇಡುತ್ತಿರಲಿಲ್ಲ.

ಹುಲ್ಲಿನ ಮನೆಯೊಂದರ ಮುಂದೆ ನಿಂತು ಶುರು ಮಾಡಿದರು. "ಆ ಕಾಲದಲ್ಲಿ ಜನ ನೆಲದ ಮೇಲೇ ಮಲಗುತ್ತಿದ್ದರು. ಆ ಕಾಲದಲ್ಲಿ ಸೌದೆ ಒಲೆ. ಬಡವರಿಗೆ ಅಕ್ಕಿ ಎಲ್ಲಿಂದ ಬರಬೇಕು, ಆ ಕಾಲದಲ್ಲಿ ನವಣೆ, ಜೋಳ ತಿಂದು ಬದುಕುತ್ತಿದ್ದರು."

ನನ್ನ ಅವ್ವ ಅವತ್ತು ಬೆಳಿಗ್ಗೆಯೂ ಸೌದೆ ಒಲೆಯ ಮೇಲೆ ರಾಗಿ ಹಿಟ್ಟು ಬೇಯಿಸಿ ಹೊಲಕ್ಕೆ ಹೋಗಿದ್ದಳು. ಪಕ್ಕದಲ್ಲಿದ್ದ ಗೆಳತಿ ಮೊಣಕೈಯಿಂದ ತಿವಿದು, "ನಿಮ್ಮೂರು ಹೀಗೇ ಅಲ್ವಾ? ಇದನ್ನ ನೋಡೋಕೆ ನೀನ್ಯಾಕೆ ವಿಮಾನ ಹತ್ತಿದೆ?" ಎಂದಳು. ಎಲ್ಲರೂ ನಕ್ಕರು. ಅವರ ಜೊತೆ ನಾನೂ ನಕ್ಕೆ. ನಕ್ಕ ಮೇಲೆ ನನ್ನ ಮೇಲೇ ನನಗೆ ಸಿಟ್ಟು ಬಂತು. ಅವರು ಅಂದದ್ದಕ್ಕಲ್ಲ, ನಾನು ನಕ್ಕದ್ದಕ್ಕೆ.

ಮನೆಗಳ ಸಾಲು ಮುಗಿದ ಮೇಲೆ ಒಂದು ತರಕಾರಿ ತೋಟ. ಅದರ ನಟ್ಟನಡುವೆ ನಾಲ್ಕು ಕಂಬ ನೆಟ್ಟು, ಆಳೆತ್ತರದಲ್ಲಿ ಹಲಗೆ ಹಾಸಿ, ಮೇಲೆ ಹುಲ್ಲು ಹೊದಿಸಿದ್ದರು. ಸುತ್ತ ಗೋಡೆಯಿಲ್ಲ. ಹತ್ತಲು ಒಂದು ಏಣಿ. ಮುಂದೆ ಅಡ್ಡಲಾಗಿ ಒಂದು ಹಗ್ಗ.

"ಇದು ವಿಶ್ರಾಂತಿ ಮಂಟಪ," ಎಂದರು ದುಭಾಷಿ. "ದೊಡ್ಡ ಮನೆತನದವರು ಇಲ್ಲಿ ಗಾಳಿಗೆ ಕೂತು ಪದ್ಯ ಬರೆಯುತ್ತಿದ್ದರು."

ನನಗೆ ತಡೆಯಲಾಗಲಿಲ್ಲ. "ಅಲ್ಲ ಸರ್. ಇದು ಪರಣ್," ಎಂದೆ ತಮಿಳಿನಲ್ಲಿ. ನಮ್ಮೂರಲ್ಲಿ ಅಟ್ಟಣೆ ಅನ್ನುತ್ತೇವೆ. ಬೆಳೆ ಕಾಯುವ ಜಾಗ.

"ನೀನು ಬಂದು ಎಷ್ಟು ದಿನವಾಯಿತಮ್ಮ?"

"ಎರಡು ವಾರ ಸರ್. ಆದರೆ ಪದ್ಯ ಬರೆಯುವವರು ಬದನೆ ಗಿಡದ ಮಧ್ಯೆ ಬಂದು ಕೂರುವುದಿಲ್ಲ. ನಾಲ್ಕೂ ಕಡೆ ಕಾಣಲಿ ಅಂತಲೇ ಗೋಡೆ ಕಟ್ಟಿಲ್ಲ. ನಮ್ಮೂರಲ್ಲಿ ಹೀಗೇ ಕೂತು ಆನೆ ಬರದಂತೆ ಬೆಳೆ ಕಾಯುತ್ತೇವೆ."

"ಇಲ್ಲಿ ಆನೆ ಎಲ್ಲಿದೆ, ಕಾಯೋಕೆ?" ಎಂದರು ಅವರು. ಮತ್ತೆ ನಗು. ಈ ಸಲ ನಾನು ನಗಲಿಲ್ಲ. ಹಗ್ಗ ಎತ್ತಿ ಒಳಗೆ ನುಗ್ಗಿ ಏಣಿ ಹತ್ತಿಬಿಟ್ಟೆ.

ಹತ್ತು ವರ್ಷದವಳಿದ್ದಾಗಿನಿಂದ ನಾನು ಅಟ್ಟಣೆ ಹತ್ತಿದವಳು. ರಾಗಿ ತೆನೆ ಕಟ್ಟಿದ ಮೇಲೆ ಕೊಯ್ಲಿನವರೆಗೂ ನಮ್ಮ ಸಂಸಾರ ಅರ್ಧ ಮನೆಯಲ್ಲಿ, ಅರ್ಧ ಹೊಲದಲ್ಲಿ. ಶಾಲೆಯ ಲೆಕ್ಕವನ್ನೂ ಅಲ್ಲೇ ಮಾಡಿದ್ದೇನೆ, ಪಕ್ಕದಲ್ಲಿ ಬಡಿಯಲು ತಗಡಿನ ಡಬ್ಬ, ಮಡಿಲಲ್ಲಿ ಪಟಾಕಿ. ಕೊರಿಯಾದ ಆ ಹಲಗೆಯ ಮೇಲೆ ಕಾಲು ಇಳಿಬಿಟ್ಟು ಕೂತಾಗ ಬೆನ್ನು ತಾನಾಗಿಯೇ ನೆಟ್ಟಗಾಯಿತು. ಕೆಳಗಿನಿಂದ ದುಭಾಷಿ "ಇಳಿ, ಇಳಿ" ಅನ್ನುತ್ತಿದ್ದರು. ನಾನು ಫೋನ್ ತೆಗೆದು ಅವ್ವನಿಗೆ ವಿಡಿಯೋ ಕಾಲ್ ಮಾಡಿದೆ. ಅಲ್ಲಿ ಮಧ್ಯಾಹ್ನ, ನಮ್ಮೂರಲ್ಲಿ ಇನ್ನೂ ಬೆಳಗಿನ ಹೊತ್ತು. ಅವ್ವ ಹೊಲದಲ್ಲೇ ಸಿಕ್ಕಳು.

"ಏನವ್ವ, ಎಲ್ಲಿ ಕುಂತಿದ್ದೀಯೆ?"

"ಅಟ್ಣೆ ಮ್ಯಾಲೆ ಕಣವ್ವ."

"ಅಟ್ಣೆನಾ? ಅಲ್ಲೂ ಆನೆ ಬತ್ತದಾ?"

"ಆನೆ ಇಲ್ವಂತೆ."

"ಮತ್ತೆ ಕಾಡಂದಿ ಕಾಟನಾ? ಸುಮ್ಸುಮ್ನೆ ಯಾರ್ ಕಟ್ಟಾರು ಅಟ್ಣೆಯಾ?"

ಅಷ್ಟರಲ್ಲಿ ಒಬ್ಬ ಮುದುಕ ಕೂಗುತ್ತಾ ಓಡಿ ಬಂದ. ಪಕ್ಕದ ಮನೆಯಂಗಳದಲ್ಲಿ ಬಿಳಿ ಬಟ್ಟೆ ತೊಟ್ಟು, ಬಂದವರಿಗೆ ಹುಲ್ಲಿನ ಹಗ್ಗ ಹೊಸೆದು ತೋರಿಸುತ್ತಿದ್ದವನು. ಅವನ ಕೂಗಿಗೆ ನಮಗೆ ಕಲಿಸುತ್ತಿದ್ದ ಕೊರಿಯಾದ ಹುಡುಗಿ ಬೆದರಿ ತಲೆ ಬಗ್ಗಿಸಿ ಬಗ್ಗಿಸಿ ಕ್ಷಮೆ ಕೇಳತೊಡಗಿದಳು. ನಾನು ಇಳಿಯಲಿಲ್ಲ. ಫೋನನ್ನು ಅವನ ಕಡೆ ತಿರುಗಿಸಿ, "ಅವ್ವ, ನಮ್ಮ ಅಟ್ಣೆ ತೋರ್ಸು," ಎಂದೆ.

ಅವ್ವ ಫೋನ್ ತಿರುಗಿಸಿದಳು. ರಾಗಿ ಹೊಲ, ಅದರ ಅಂಚಿನಲ್ಲಿ ನೀಲಿ ಟಾರ್ಪಾಲಿನ ನಮ್ಮ ಅಟ್ಟಣೆ, ಅದರ ಮೇಲೆ ಮಡಚಿಟ್ಟ ಕಂಬಳಿ. ಮುದುಕನ ಕೂಗು ನಿಂತಿತು. ಫೋನಿಗೆ ಮುಖ ತಾಗುವಷ್ಟು ಹತ್ತಿರ ಬಂದು ನೋಡಿ ಏನೋ ಕೇಳಿದ. ದುಭಾಷಿ ಮುಖ ತಿರುಗಿಸಿದರು. ಹುಡುಗಿಯೇ ತನ್ನ ಫೋನಿಗೆ ಅವನ ಮಾತು ಹೇಳಿ ತಮಿಳಿಗೆ ತಿರುಗಿಸಿದಳು: "ಇದು ಈಗಲೂ ಇದೆಯಾ?"

"ಈಗಲೂ ಇದೆ. ಅಲ್ಲಿರುವವಳು ನನ್ನ ಅಮ್ಮ."

ಅವನು ಕಂಬವನ್ನು ತಟ್ಟಿ ತಟ್ಟಿ ಬಹಳ ಹೊತ್ತು ಮಾತಾಡಿದ. ಹುಡುಗಿ ಅದನ್ನೂ ಫೋನಿನಲ್ಲಿ ತಮಿಳಿಗೆ ತಿರುಗಿಸುತ್ತಾ ಹೋದಳು, ನಾನು ಅವ್ವನಿಗೆ ಹೇಳುತ್ತಾ ಹೋದೆ. ಅವನ ಅಪ್ಪ ಕರಬೂಜ ಬೆಳೆಯುತ್ತಿದ್ದನಂತೆ. ಹಣ್ಣು ಕದಿಯಲು ಬರುವವರನ್ನು ಹೀಗೇ ಒಂದು ಅಟ್ಟಣೆಯ ಮೇಲೆ ಕೂತು ಇವನು ಕಾಯುತ್ತಿದ್ದನಂತೆ. ಕಳ್ಳರೆಲ್ಲ ಇವನ ತರಗತಿಯವರೇ! ಪಕ್ಕದ ಫಲಕದಲ್ಲಿರುವುದೂ ಅದೇ, ತೋಟ ಕಾಯುವ ಗುಡಿಸಲು ಅಂತ, ಎಂದು ಹುಡುಗಿ ಓದಿ ಹೇಳಿದಳು. ಆಗ ನನ್ನನ್ನು ತಿವಿದಿದ್ದ ಗೆಳತಿ ಒಮ್ಮೆ ದುಭಾಷಿಯ ಮುಖ ನೋಡಿದಳು, ಒಮ್ಮೆ ನನ್ನ ಮುಖ ನೋಡಿದಳು.

ಫೋನಿನೊಳಗಿಂದ ಅವ್ವನ ದನಿ: "ಆ ಯಜಮಾನ್ರಿಗೆ ಯೋಳು, ಕಂಬ ಸಾಲ್ದು. ಕಳ್ರಿಗಾದ್ರೆ ಸರಿ. ಆನೆ ಬಂದ್ರೆ ಒಂದೇ ಏಟ್ಗೆ ಕೆಡವ್ಬುಡ್ತದೆ."

ಅದನ್ನು ತಮಿಳಿನಲ್ಲಿ ಹೇಳಿದೆ, ಹುಡುಗಿ ಕೊರಿಯನ್‌ಗೆ ತಿರುಗಿಸಿದಳು. ಮುದುಕ ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕು ಮುಗಿಸಿ, ಆದರೂ ಇಳಿಯಮ್ಮ, ಹಲಗೆ ಹಳೆಯದು, ನನ್ನನ್ನು ಬಯ್ಯುತ್ತಾರೆ ಎಂದ. ಅವನಿಗಾಗಿ ಇಳಿದೆ.

ಸೋಮವಾರ ನನ್ನನ್ನು ಕಚೇರಿಗೆ ಕರೆಸಿದರು. ಹಗ್ಗ ದಾಟಿದ್ದು, ಹಿರಿಯರ ಮಾತಿಗೆ ಎದುರಾಡಿದ್ದು, ದೇಶದ ಮಾನ ಕಳೆದದ್ದು ಎಂದು ದುಭಾಷಿ ದೂರು ಕೊಟ್ಟಿದ್ದರು. ಕ್ಷಮಾಪಣೆ ಬರೆದುಕೊಡು ಎಂದು ಬಿಳಿ ಹಾಳೆ ಮುಂದಿಟ್ಟರು. ನಾನು ಓದಿದ್ದು ತಾಳವಾಡಿಯ ಕನ್ನಡ ಮಾಧ್ಯಮದಲ್ಲಿ. ತಮಿಳು ಮಾತಾಡುತ್ತೇನೆ, ಬರೆಯುವಾಗ ಕೈ ತಡವರಿಸುತ್ತದೆ. ಅವತ್ತು ತಡವರಿಸುವ ಮನಸ್ಸಿರಲಿಲ್ಲ. ಕನ್ನಡದಲ್ಲೇ ಬರೆದೆ: "ಹಗ್ಗ ದಾಟಿದ್ದು ತಪ್ಪು. ಅದಕ್ಕೆ ಆ ಹಿರಿಯರ ಹತ್ತಿರ ಕ್ಷಮೆ ಕೇಳುತ್ತೇನೆ. ಅದು ಮಂಟಪವಲ್ಲ, ಅಟ್ಟಣೆ. ಹಾಗೆ ಹೇಳಿದ್ದಕ್ಕೆ ಕ್ಷಮೆ ಕೇಳುವುದಿಲ್ಲ. ನನ್ನ ಅವ್ವ ಆ ಕಾಲದವಳಲ್ಲ, ಈ ಕಾಲದವಳು."

ದುಭಾಷಿ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿದರು. "ಇದನ್ನು ಯಾರು ಓದಬೇಕು?"

"ನಾನೇ ಓದುತ್ತೇನೆ ಸರ್." ನಿಂತುಕೊಂಡು ಒಂದೊಂದೇ ವಾಕ್ಯವನ್ನು ತಮಿಳಿನಲ್ಲಿ ಹೇಳಿದೆ. ಅದನ್ನು ಅವರು ಕೊರಿಯನ್‌ನಲ್ಲಿ ಮೇಲಧಿಕಾರಿಗೆ ಹೇಳಬೇಕಾಯಿತು. ಮಂಟಪದ ಮಾತು ಬಂದಾಗ ಅವರ ದನಿ ತಗ್ಗಿತು. ಎಲ್ಲ ಹೇಳಿದರೋ, ಅರ್ಧ ನುಂಗಿದರೋ ನನಗೆ ಗೊತ್ತಿಲ್ಲ. ಅಧಿಕಾರಿ ನನ್ನನ್ನೇ ನೋಡಿದರು, ಹಾಳೆಗೆ ಮೊಹರು ಒತ್ತಿ ಫೈಲಿಗೆ ಸೇರಿಸಿದರು.

ಮುಂದಿನ ವರ್ಷ ಕೊರಿಯಾಕ್ಕೆ ಹೋದವರ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ. ಯಾಕೆ ಎಂದು ನಮ್ಮ ಫ್ಯಾಕ್ಟರಿಯ ಕಚೇರಿಯಲ್ಲಿ ಕೇಳಿದೆ. "ನಿನ್ನ ನಡತೆ" ಎಂದರು. ಅದನ್ನು ಬರೆದು ಕೊಡಿ ಎಂದೆ. ಇವತ್ತಿಗೂ ಕೊಟ್ಟಿಲ್ಲ. ತಿಂಗಳಿಗೊಮ್ಮೆ ಹೋಗಿ ಕೇಳಿ ಬರುತ್ತೇನೆ.